ಒಪ್ಪಿಕೊಂಡ ಮೇಲೆ ಹೊಣೆ: ಇಮೇಲ್‌ನ ಹಳೆಯ ನಿಯಮಕ್ಕೆ ಇಂದಿನ ಬೆಲೆ

ಇಮೇಲ್ ಹಳತಾಯಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಮನೆಮಂದಿ, ಗೆಳೆಯರು ಮಾತಾಡುವುದು ವಾಟ್ಸ್‌ಆ್ಯಪ್‌ನಲ್ಲಿ. ಬ್ಯಾಂಕು ನಮ್ಮನ್ನು ಗುರುತು ಹಿಡಿಯುವುದು ಮೊಬೈಲ್ ನಂಬರಿನಿಂದ. ಹಲವರ ಪಾಲಿಗೆ ಇಮೇಲ್ ಎಂದರೆ ಹೊಸ ಫೋನ್ ಕೊಂಡ ದಿನ ಅಂಗಡಿಯವರು ತೆರೆದುಕೊಟ್ಟ ಒಂದು ಖಾತೆ. ಅದರ ಪಾಸ್‌ವರ್ಡ್ ಕೂಡ ನೆನಪಿರುವುದಿಲ್ಲ. ಹೀಗಿರುವಾಗ 1982ರಲ್ಲಿ ಬರೆದ ಪತ್ರಸಾಗಣೆಯ ನಿಯಮವೊಂದನ್ನು ಕಾಪಾಡಿಕೊಳ್ಳಬೇಕು, ಅದರ ಬಗ್ಗೆ ಕನ್ನಡದಲ್ಲಿ ಯೋಚಿಸಬೇಕು ಎಂದರೆ ಏಕೆ ಎಂದು ಕೇಳುವುದು ಸಹಜ. ನನ್ನ ಉತ್ತರ ಇದು: ಯಾರ ಅಪ್ಪಣೆಯೂ ಇಲ್ಲದೆ ಯಾರು ಯಾರಿಗೆ ಬೇಕಾದರೂ ಬರೆಯಬಹುದಾದ, ಒಬ್ಬನೇ ಒಡೆಯನಿಲ್ಲದ ಸಂಪರ್ಕ ವ್ಯವಸ್ಥೆಗಳಲ್ಲಿ ಜನಸಾಮಾನ್ಯರ ಕೈಯಲ್ಲಿ ಇನ್ನೂ ಉಳಿದಿರುವ ದೊಡ್ಡದು ಇಮೇಲ್. ಅದು ಉಳಿದದ್ದು ತನ್ನ ಸರಳತೆಯಿಂದ, ಮತ್ತು ಆ ಸರಳತೆಯೊಳಗೆ ಹುದುಗಿರುವ ಒಂದು ಹೊಣೆಗಾರಿಕೆಯ ಮಾತಿನಿಂದ. ಆ ಮಾತು ಈಗ ಸಡಿಲಗೊಳ್ಳುತ್ತಿದೆ. ಇಮೇಲ್ ಮುಂದೆಯೂ ಕೆಲಸಕ್ಕೆ ಬರಬೇಕಾದರೆ ಮೊದಲು ಬಿಗಿಗೊಳಿಸಬೇಕಾದದ್ದು ಆ ಮಾತನ್ನು.

1971ರಲ್ಲಿ ಅಮೆರಿಕದ ಕೇಂಬ್ರಿಜ್‌ನ ಬಿಬಿಎನ್ ಕಂಪನಿಯಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಪಕ್ಕದಲ್ಲೇ ಇದ್ದ ಇನ್ನೊಂದಕ್ಕೆ ಅರ್ಪಾನೆಟ್ ಜಾಲದ ಮೂಲಕ ಸಂದೇಶ ಕಳಿಸಿದರು. ವ್ಯಕ್ತಿಯ ಹೆಸರನ್ನೂ ಅವರ ಯಂತ್ರದ ಹೆಸರನ್ನೂ ಬೇರ್ಪಡಿಸಲು ‘@’ ಗುರುತನ್ನು ಆರಿಸಿಕೊಂಡವರೂ ಅವರೇ. ಮುಂದಿನ ಹತ್ತು ವರ್ಷ ಪತ್ರಗಳು ಕಡತ ಸಾಗಿಸುವ ಎಫ್‌ಟಿಪಿಯ ಬೆನ್ನೇರಿ ಓಡಾಡಿದವು. ಪತ್ರಕ್ಕೇ ಮೀಸಲಾದ ನಿಯಮ ಬೇಕೆನಿಸಿದಾಗ, ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಸಿಂಪಲ್ ಮೇಲ್ ಟ್ರಾನ್ಸ್‌ಫರ್ ಪ್ರೋಟೋಕಾಲ್, ಅಂದರೆ ಎಸ್‌ಎಂಟಿಪಿಯನ್ನು ಬರೆದು ಪ್ರಕಟಿಸಿದರು. ಇಂಟರ್ನೆಟ್ ನಿಯಮಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಎಂಬ ದಾಖಲೆಗಳ ಸರಣಿಯಲ್ಲಿ ಅದರ ಹೆಸರು ಆರ್‌ಎಫ್‌ಸಿ 821. ಪತ್ರದ ತಲೆಬರಹ ಹೇಗಿರಬೇಕು ಎಂಬುದನ್ನು ಅದರ ಜೊತೆಗೇ ಬಂದ ಆರ್‌ಎಫ್‌ಸಿ 822ರಲ್ಲಿ ಡೇವಿಡ್ ಕ್ರಾಕರ್ ವಿವರಿಸಿದರು. ಇವತ್ತು ಜಗತ್ತಿನ ಯಾವ ಎರಡು ಇಮೇಲ್ ಸಂಸ್ಥೆಗಳ ನಡುವೆ ಪತ್ರ ಓಡಾಡಿದರೂ ಮಾತುಕತೆ ನಡೆಯುವುದು ಇದೇ ನಿಯಮದ ಚೌಕಟ್ಟಿನಲ್ಲಿ.

ಆ ಮಾತುಕತೆ ಎಷ್ಟು ಸರಳವೆಂದರೆ ಮನುಷ್ಯರೇ ಕೀಲಿಮಣೆಯಲ್ಲಿ ಟೈಪ್ ಮಾಡಿ ನಡೆಸಬಹುದು. ಕಳಿಸುವ ಯಂತ್ರ ಪಡೆಯುವ ಯಂತ್ರದ 25ನೇ ಪೋರ್ಟನ್ನು, ಅಂದರೆ ಪತ್ರಕ್ಕೆ ಮೀಸಲಾದ ಬಾಗಿಲನ್ನು, ತಟ್ಟುತ್ತದೆ. ಅತ್ತಲಿಂದ ‘220’ ಎಂಬ ಸ್ವಾಗತ ಬರುತ್ತದೆ. ‘ಹೆಲೋ’ ಎಂದು ತನ್ನ ಹೆಸರು ಹೇಳಿಕೊಂಡರೆ ‘250’ ಎಂಬ ಉತ್ತರ. ಸರಿ, ಮುಂದುವರಿಸು ಎಂದರ್ಥ. ‘ಮೇಲ್ ಫ್ರಮ್’ ಎಂದು ಕಳಿಸುವವರ ವಿಳಾಸ ಕೊಟ್ಟರೆ ಮತ್ತೆ 250. ಆಮೇಲೆ ಪಡೆಯುವವರ ವಿಳಾಸ, ಮತ್ತೆ 250. ‘ಡೇಟಾ’ ಎಂದರೆ 354. ಬರೆ, ಓದಿಕೊಳ್ಳುತ್ತೇನೆ ಎಂದು. ಪತ್ರವೆಲ್ಲ ಮುಗಿದ ಮೇಲೆ ಒಂದು ಸಾಲಿನಲ್ಲಿ ಒಂದೇ ಒಂದು ಚುಕ್ಕಿ ಇಟ್ಟರೆ ಪತ್ರ ಮುಗಿಯಿತೆಂದು ಲೆಕ್ಕ. ಆಗ ಬರುವ ಕೊನೆಯ 250 ಇದೆಯಲ್ಲ, ಈ ಲೇಖನದ ವಾದವೆಲ್ಲ ನಿಂತಿರುವುದು ಅದರ ಮೇಲೆ.

ಏಕೆಂದರೆ ಅದು ಬರೀ ತಲುಪಿತು ಎಂಬ ಸೂಚನೆಯಾಗಿರದೆ ಒಂದು ವಚನವೂ ಆಗಿದೆ. 1989ರ ಆರ್‌ಎಫ್‌ಸಿ 1123 ಇದನ್ನು ಬಿಡಿಸಿ ಹೇಳಿತು: ಪತ್ರಕ್ಕೆ 250 ಎಂದು ಉತ್ತರ ಕೊಟ್ಟ ಯಂತ್ರ ಅದನ್ನು ತಲುಪಿಸುವ ಹೊಣೆಯನ್ನು ಹೊತ್ತುಕೊಂಡಂತೆ, ಆಮೇಲೆ ತಾನು ಕೆಟ್ಟು ನಿಂತೆ ಎನ್ನುವುದು, ಜಾಗ ಸಾಲಲಿಲ್ಲ ಎನ್ನುವುದು ಪತ್ರ ಕಳೆಯಲು ಕಾರಣವಾಗಲಾರದು. ತಲುಪಿಸಲು ಆಗದಿದ್ದರೆ ಕಳಿಸಿದವರಿಗೆ ತಿಳಿಸಬೇಕು. ಬೇಡದ ಪತ್ರವಾದರೆ ಬಾಗಿಲಲ್ಲೇ 5ರಿಂದ ಶುರುವಾಗುವ ಸಂಖ್ಯೆ ಹೇಳಿ ನಿರಾಕರಿಸುವ ಹಕ್ಕು ಪಡೆಯುವವರಿಗೆ ಇದೆ. ಅಂದರೆ ಇರುವುದು ಎರಡೇ ದಾರಿ. ಬೇಡವೆಂದರೆ ಎದುರಿಗೇ ಬೇಡವೆನ್ನಬೇಕು, ಒಪ್ಪಿಕೊಂಡರೆ ಹೊಣೆ ಹೊರಬೇಕು. ಎರಡು ಅಪರಿಚಿತ ಸಂಸ್ಥೆಗಳು, ನಡುವೆ ಯಾವ ಒಪ್ಪಂದಪತ್ರವೂ ಇಲ್ಲದೆ, ಒಬ್ಬರ ಪತ್ರವನ್ನು ಇನ್ನೊಬ್ಬರು ನಂಬಿ ಒಯ್ಯಲು ಸಾಧ್ಯವಾದದ್ದು ಈ ಕಟ್ಟಳೆಯಿಂದ.

ಇದರ ಜೊತೆಗೆ ಇನ್ನೊಂದು ವಿವೇಕವೂ ಇತ್ತು. ಉತ್ತರದ ಸಂಖ್ಯೆ 4ರಿಂದ ಶುರುವಾದರೆ ‘ಈಗ ಆಗದು, ಆಮೇಲೆ ಬಾ’ ಎಂದರ್ಥ. ಆಗ ಕಳಿಸುವ ಯಂತ್ರ ಪತ್ರವನ್ನು ಎಸೆಯುವುದಿಲ್ಲ. ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ ನಾಲ್ಕೈದು ದಿನ ಪ್ರಯತ್ನ ಬಿಡಬಾರದು ಎಂಬುದು ನಿಯಮದ ಸಲಹೆ. ವಿದ್ಯುತ್ ಹೋದರೆ, ತಂತಿ ಕಡಿದರೆ, ಸರ್ವರ್ ಎರಡು ದಿನ ಮಲಗಿದರೆ ಪತ್ರ ಕಾಯುತ್ತದೆ. ದುರ್ಬಲ ಜಾಲಗಳ ಕಾಲದಲ್ಲಿ ಹುಟ್ಟಿದ ಈ ತಾಳ್ಮೆ ಭಾರತಕ್ಕೆ ಚೆನ್ನಾಗಿ ಒಗ್ಗಿತು. ದೇಶದ ವಿದ್ಯಾಸಂಸ್ಥೆಗಳನ್ನು ಜಾಲದಲ್ಲಿ ಜೋಡಿಸಲು 1986ರಲ್ಲಿ ಶುರುವಾದ ಎರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಕೊಂಡಿಯಾಗಿತ್ತು. ದೇಶದ ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆಗಿನ ಡಯಲ್‌ಅಪ್ ಸಂಪರ್ಕ ಮಾತಿನ ನಡುವೆ ಕಡಿದು ಹೋಗುವಂಥದ್ದು. ಅಂಥ ತಂತಿಯ ಮೇಲೂ ಭರವಸೆಯಿಂದ ಕೆಲಸ ಮಾಡಿದ ಸೇವೆ ಇಮೇಲ್, ಏಕೆಂದರೆ ಎರಡೂ ಕಡೆಯವರು ಒಂದೇ ಹೊತ್ತಿಗೆ ಎಚ್ಚರವಾಗಿರಬೇಕೆಂದು ಅದು ಕೇಳಲೇ ಇಲ್ಲ.

ಎಸ್‌ಎಂಟಿಪಿಗೆ ಎದುರಾಳಿ ಇರಲಿಲ್ಲವೆಂದಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಗಳು ಸೇರಿ 1984ರಲ್ಲಿ ಎಕ್ಸ್.400 ಎಂಬ ಮಾನಕವನ್ನು ತಂದವು. ಪತ್ರ ತಲುಪಿದ್ದಕ್ಕೆ ರಸೀದಿ, ತುರ್ತಿನ ದರ್ಜೆ, ಪಠ್ಯದ ಜೊತೆ ಬೇರೆ ಬಗೆಯ ದತ್ತಾಂಶ, ಎಲ್ಲಕ್ಕೂ ಅದರಲ್ಲಿ ಮೊದಲೇ ಜಾಗವಿತ್ತು. ಕಾಗದದ ಮೇಲೆ ನೋಡಿದರೆ ಅದೇ ಪರಿಪೂರ್ಣ. ಆದರೆ ಅದರ ವಿಳಾಸ ಬರೆಯಲು ದೇಶ, ಆಡಳಿತ ಸಂಸ್ಥೆ, ಕಚೇರಿ, ಮನೆತನದ ಹೆಸರು, ಸ್ವಂತ ಹೆಸರು ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ತುಂಬಬೇಕಿತ್ತು. ಅದಕ್ಕೆ ತಕ್ಕ ತಂತ್ರಾಂಶ ಕಟ್ಟುವುದು ದೊಡ್ಡ ಸಂಸ್ಥೆಗಳಿಗಷ್ಟೇ ಸಾಧ್ಯವಾಯಿತು. ಇಂದು ಅದು ವಿಮಾನಯಾನದಂಥ ಕೆಲವು ಮೀಸಲು ಕ್ಷೇತ್ರಗಳಲ್ಲಿ ಉಳಿದಿದೆ. ಎಸ್‌ಎಂಟಿಪಿಯನ್ನಾದರೋ ಬರ್ಕ್ಲಿಯ ಎರಿಕ್ ಆಲ್ಮನ್ ಸೆಂಡ್‌ಮೇಲ್ ಆಗಿ ಬರೆದರು, ಕೇಂಬ್ರಿಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಜಲ್ ಎಕ್ಸಿಮ್ ಆಗಿ ಬರೆದರು, ಐಬಿಎಂನಲ್ಲಿದ್ದ ವೀಟ್ಸ ವೆನಿಮಾ ಪೋಸ್ಟ್‌ಫಿಕ್ಸ್ ಆಗಿ ಬರೆದರು. ಒಬ್ಬೊಬ್ಬರೇ ಶುರುಮಾಡಿದ ಈ ತಂತ್ರಾಂಶಗಳು ಪರಸ್ಪರ ಮಾತಾಡಿಕೊಂಡವು. ಒಬ್ಬ ಸಮರ್ಥ ವ್ಯಕ್ತಿ ಕೂತು ಪೂರ್ತಿ ಅರ್ಥಮಾಡಿಕೊಂಡು ಹೊಸದಾಗಿ ಕಟ್ಟಬಹುದಾದ ನಿಯಮಕ್ಕೆ ಮಾತ್ರ ಹೀಗೆ ಹಲವು ವಾರಸುದಾರರು ಸಿಗುತ್ತಾರೆ. ಸರಳತೆಯ ನಿಜವಾದ ಲಾಭ ಇರುವುದು ಇಲ್ಲಿ.

ಆದರೆ ಸರಳವಾದದ್ದನ್ನು ಮುಟ್ಟದೆ ಹಾಗೇ ಇಟ್ಟರೆ ಅದು ಬಹುಕಾಲ ಬಾಳದು. 1982ರ ನಿಯಮಕ್ಕೆ ಇಂಗ್ಲಿಷ್ ಅಕ್ಷರಗಳ ಹೊರತು ಬೇರೇನೂ ತಿಳಿದಿರಲಿಲ್ಲ. ಗುಟ್ಟು ಕಾಪಾಡುವ ಏರ್ಪಾಡು ಇರಲಿಲ್ಲ. ಕಳಿಸಿದವರು ನಿಜಕ್ಕೂ ಅವರೇ ಹೌದೇ ಎಂದು ಕೇಳುವ ದಾರಿಯೂ ಇರಲಿಲ್ಲ. ಇವನ್ನೆಲ್ಲ ಮುಂದೆ ಸೇರಿಸಿದ ಬಗೆಯಲ್ಲಿ ಕಲಿಯಬೇಕಾದ ಪಾಠವಿದೆ. 1993ರಲ್ಲಿ ‘ಹೆಲೋ’ ಬದಲಿಗೆ ‘ಇಹೆಲೋ’ ಎಂಬ ಹೊಸ ಆಜ್ಞೆ ಬಂತು. ಹೊಸ ಯಂತ್ರ ಅದನ್ನು ಕೇಳಿಸಿಕೊಂಡರೆ ತನಗೆ ಏನೇನು ಬರುತ್ತದೆ ಎಂದು ಪಟ್ಟಿ ಕೊಡುತ್ತದೆ. ಹಳೆಯ ಯಂತ್ರ ತನಗೆ ಅರ್ಥವಾಗಲಿಲ್ಲ ಎನ್ನುತ್ತದೆ. ಆಗ ಕಳಿಸುವವರು ಸುಮ್ಮನೆ ಹಳೆಯ ‘ಹೆಲೋ’ಗೆ ಮರಳುತ್ತಾರೆ. ಇಡೀ ಜಗತ್ತು ಒಂದು ದಿನ ಗೊತ್ತುಮಾಡಿ ಒಟ್ಟಿಗೆ ಬದಲಾಗಬೇಕಾದ ಪ್ರಮೇಯವೇ ಬರಲಿಲ್ಲ. ಬಲ್ಲವರು ಹೊಸ ಮಾತು ಆಡಿಕೊಂಡರು, ಬಾರದವರನ್ನು ಯಾರೂ ಹೊರಗೆ ಹಾಕಲಿಲ್ಲ.

1992ರಲ್ಲಿ ನತಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ಮಾನಕ ಇದೇ ವಿವೇಕದ ಇನ್ನೊಂದು ಮಾದರಿ. ಏಳು ಬಿಟ್‌ನ ಇಂಗ್ಲಿಷ್ ಪಠ್ಯವನ್ನು ಮಾತ್ರ ಒಯ್ಯುವ ದಾರಿಯನ್ನು ಅಗೆದು ಹಾಕುವ ಗೋಜಿಗೆ ಅವರು ಹೋಗಲಿಲ್ಲ. ಚಿತ್ರ, ಧ್ವನಿ, ಯಾವ ಭಾಷೆಯ ಬರಹವಾದರೂ ಸರಿ, ಅದನ್ನು ಆ ದಾರಿಯಲ್ಲಿ ನುಸುಳುವ ರೂಪಕ್ಕೆ ಮಡಿಚಿ, ಆಚೆ ಬದಿಯಲ್ಲಿ ಬಿಡಿಸುವ ಉಪಾಯ ಹೂಡಿದರು. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ನಮ್ಮ ‘ಕ’ ಅಕ್ಷರಕ್ಕೆ ಮೂರು ಬೈಟ್ ಬೇಕು. ಮೈಮ್‌ನ ಬೇಸ್64 ವಿಧಾನದಲ್ಲಿ ಅದು ‘4, ಎಲ್, ಕೆ, ವಿ’ ಎಂಬ ನಾಲ್ಕು ಗುರುತುಗಳಾಗಿ ಪ್ರಯಾಣ ಮಾಡಿ, ಓದುವವರ ಪರದೆಯ ಮೇಲೆ ಮತ್ತೆ ‘ಕ’ ಆಗುತ್ತದೆ. ನಾವು ಇಂದು ಕನ್ನಡದಲ್ಲಿ ಇಮೇಲ್ ಬರೆಯುತ್ತಿರುವುದು ಕನ್ನಡದ ಗಂಧವೇ ಇಲ್ಲದ ಕೊಳವೆಯೊಂದು ಅದನ್ನು ನಿಷ್ಠೆಯಿಂದ ಹೊತ್ತೊಯ್ಯುವುದರಿಂದ.

ನಂಬಿಕೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಯಾರು ಯಾರಿಗೆ ಬೇಕಾದರೂ ಬರೆಯಬಹುದಾದರೆ ಬೇಡದವರೂ ಬರೆಯುತ್ತಾರೆ. 1978ರ ಮೇ ತಿಂಗಳಲ್ಲೇ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಜಾಹೀರಾತು ಕಳಿಸಿ ಸ್ಪ್ಯಾಮ್‌ಗೆ ನಾಂದಿ ಹಾಡಿದ್ದರು. ಎಸ್‌ಎಂಟಿಪಿ ಬಂದ ಮೇಲೂ ‘ಮೇಲ್ ಫ್ರಮ್’ ಎಂದು ಯಾರ ಹೆಸರು ಹೇಳಿದರೂ ನಡೆಯುತ್ತಿತ್ತು. ಇದನ್ನು ಸರಿಪಡಿಸಲು ಮೂರು ಕಟ್ಟು ಬಂದವು. ನಮ್ಮ ಡೊಮೇನ್ (ವಿಳಾಸದಲ್ಲಿ ‘@’ ಆದ ಮೇಲೆ ಬರುವ ಭಾಗ) ಹೆಸರಿನಲ್ಲಿ ಪತ್ರ ಕಳಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂದು ಸಾರುವುದು ಎಸ್‌ಪಿಎಫ್. ಪತ್ರಕ್ಕೆ ಡೊಮೇನಿನ ಡಿಜಿಟಲ್ ಸಹಿ ಹಾಕುವುದು ಡಿಕಿಮ್. ಇವೆರಡರಲ್ಲೂ ಸೋತ ಪತ್ರವನ್ನು ಏನು ಮಾಡಬೇಕೆಂದು ಡೊಮೇನಿನ ಒಡೆಯರೇ ಹೇಳುವುದು ಡಿಮಾರ್ಕ್. 2006, 2007 ಮತ್ತು 2015ರಲ್ಲಿ ಕ್ರಮವಾಗಿ ಆರ್‌ಎಫ್‌ಸಿಗಳಾದ ಇವು ಮೂಲ ಮಾತುಕತೆಯ ಒಂದು ಶಬ್ದವನ್ನೂ ಬದಲಿಸಲಿಲ್ಲ. ಮೂರೂ ಡೊಮೇನ್ ಹೆಸರಿನ ಸಾರ್ವಜನಿಕ ದಾಖಲೆಯಲ್ಲಿ ಸೇರಿಸಿದ ಕೆಲವು ಸಾಲುಗಳನ್ನು ಆಧರಿಸಿ ನಡೆಯುತ್ತವೆ.

ಗುಟ್ಟಿನ ವಿಷಯದಲ್ಲೂ ಹಾಗೆಯೇ. 1999ರಲ್ಲಿ ಬಂದ ಸ್ಟಾರ್ಟ್‌ಟಿಎಲ್‌ಎಸ್ ವಿಸ್ತರಣೆಯಿಂದ ಎರಡು ಯಂತ್ರಗಳು ಮಾತಿನ ನಡುವೆ ಗೂಢಲಿಪಿಗೆ ಹೊರಳಬಹುದಾಯಿತು. ಬಹಳ ಕಾಲ ಇದನ್ನು ಯಾರೂ ಹೆಚ್ಚು ಬಳಸಲಿಲ್ಲ. ಗೂಗಲ್‌ನ ಅಂಕಿಅಂಶಗಳಂತೆ 2013ರ ಕೊನೆಯಲ್ಲಿ ಹೊರಗಿನಿಂದ ಜಿಮೇಲ್‌ಗೆ ಬರುತ್ತಿದ್ದ ಪತ್ರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಹೀಗೆ ಮುಚ್ಚಿದ ದಾರಿಯಲ್ಲಿ ಬರುತ್ತಿತ್ತು. ಈಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪತ್ರಗಳು ಹಾಗೆ ಬರುತ್ತವೆ. ಎಡ್ವರ್ಡ್ ಸ್ನೋಡನ್ ಬಯಲು ಮಾಡಿದ, ಅಮೆರಿಕ ಸರ್ಕಾರದ ಬೇಹುಗಾರಿಕೆಯ ಸುದ್ದಿಗಳು ಜನರನ್ನು ಎಚ್ಚರಿಸಿದವು. ನಿಯಮದಲ್ಲಿ ಜಾಗ ಮೊದಲೇ ಇದ್ದುದರಿಂದ ಎಚ್ಚರ ಬೇಗ ಆಚರಣೆಗೆ ಬಂತು.

ಇಷ್ಟಾದರೂ ಇಮೇಲ್ ವಿರುದ್ಧ ಒಂದು ಬಲವಾದ ವಾದವಿದೆ. ಅದನ್ನು ಬದಿಗೊತ್ತಿ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಸಿಗ್ನಲ್ ಆ್ಯಪ್ ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ 2016ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಆ ವಾದವಿದೆ. ಒಡೆಯನಿಲ್ಲದ ಪ್ರೋಟೋಕಾಲ್‌ಗಳು ಹುಟ್ಟಿದ ಕಾಲದಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತವೆ. ಎಲ್ಲರೂ ಒಪ್ಪುವವರೆಗೆ ಏನೂ ಬದಲಾಗದು. ಒಂದೇ ಕೇಂದ್ರವಿರುವ ಸೇವೆ ಮಾತ್ರ ಕಾಲದ ಜೊತೆ ನಡೆಯಬಲ್ಲದು ಎಂಬುದು ಅದರ ಸಾರ. ಅವರ ಕೈಯಲ್ಲಿ ಗಟ್ಟಿ ಉದಾಹರಣೆಯೂ ಇತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್, ಸಿಗ್ನಲ್‌ನ ತಂತ್ರವನ್ನೇ ಬಳಸಿ, ನೂರು ಕೋಟಿ ಜನರ ಮಾತುಕತೆಗೆ ಕೊನೆಯಿಂದ ಕೊನೆಯವರೆಗಿನ ಗೂಢಲಿಪಿ ತೊಡಿಸಿತು. ಇಮೇಲ್ ಇಂದಿಗೂ ಅಲ್ಲಿಗೆ ಮುಟ್ಟಿಲ್ಲ. 1991ರಲ್ಲೇ ಫಿಲ್ ಜಿಮ್ಮರ್‌ಮನ್ ಪತ್ರವನ್ನು ಗೂಢಲಿಪಿಯಲ್ಲಿ ಮುಚ್ಚುವ ಪಿಜಿಪಿ ತಂತ್ರಾಂಶ ಕೊಟ್ಟಿದ್ದರೂ ಅದು ಸಾಮಾನ್ಯರ ಕೈಗೆ ಒಗ್ಗಲಿಲ್ಲ. ದಾರಿಯಲ್ಲಿ ಮುಚ್ಚಿರುವ ಪತ್ರವನ್ನು ನಮ್ಮ ಇಮೇಲ್ ಕಂಪನಿ ತೆರೆದು ಓದಬಲ್ಲದು.

ಈ ಟೀಕೆಯ ಅರ್ಧವನ್ನು ನಾನು ಒಪ್ಪುತ್ತೇನೆ. ಪ್ರಾಣಾಪಾಯದಲ್ಲಿರುವ ಪತ್ರಕರ್ತರು, ಹೋರಾಟಗಾರರು ಇಮೇಲ್ ನಂಬಿ ಕೂರಬಾರದು. ಅವರಿಗೆ ಸಿಗ್ನಲ್‌ನಂಥ ಸಾಧನವೇ ಸರಿ. ಒಪ್ಪಲಾಗದ್ದು ಉಳಿದರ್ಧ. ಒಂದೇ ಗುಂಡಿ ಒತ್ತಿ ನೂರು ಕೋಟಿ ಜನರಿಗೆ ಒಳಿತು ಮಾಡಬಲ್ಲ ಕೈ, ಅದೇ ಗುಂಡಿಯಿಂದ ಅದನ್ನು ಹಿಂದಕ್ಕೂ ಪಡೆಯಬಲ್ಲದು. 2005ರಲ್ಲಿ ಬಂದ ಗೂಗಲ್ ಟಾಕ್, ಎಕ್ಸ್‌ಎಂಪಿಪಿ ಎಂಬ ಮುಕ್ತ ನಿಯಮವನ್ನು ಬಳಸಿ ಮರುವರ್ಷದಿಂದ ಬೇರೆ ಸಂಸ್ಥೆಗಳ ಬಳಕೆದಾರರೊಡನೆಯೂ ಮಾತಾಡಲು ಬಾಗಿಲು ತೆರೆದಿತ್ತು. 2013ರಲ್ಲಿ ಅದರ ಬದಲಿಗೆ ಹ್ಯಾಂಗೌಟ್ಸ್ ತಂದಾಗ ಗೂಗಲ್ ಆ ಬಾಗಿಲು ಮುಚ್ಚುವ ದಾರಿ ಹಿಡಿಯಿತು. 2014ರ ಸೆಪ್ಟೆಂಬರ್ 30ರಂದು ಗೂಗಲ್‌ನದೇ ಆರ್ಕುಟ್ ನಿಂತಾಗ, ಭಾರತದಲ್ಲಿ ಅಷ್ಟು ಜನಪ್ರಿಯವಾಗಿದ್ದ ಜಾಲವೊಂದರ ಜೀವಂತ ಮಾತುಕತೆಯೆಲ್ಲ ಒಂದು ಕಂಪನಿಯ ತೀರ್ಮಾನದಿಂದ ನಿಂತುಹೋಯಿತು. ಇಮೇಲ್ ಕಂಪನಿಗಳೂ ಹುಟ್ಟಿವೆ, ಸತ್ತಿವೆ, ಕೈಬದಲಾಗಿವೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ 1996ರಲ್ಲಿ ಶುರುಮಾಡಿದ ಹಾಟ್‌ಮೇಲ್ ಮರುವರ್ಷವೇ ಮೈಕ್ರೋಸಾಫ್ಟ್ ಪಾಲಾಯಿತು. ಆದರೆ ಯಾವ ಕಂಪನಿ ಬಿದ್ದರೂ ಇಮೇಲ್ ಬೀಳಲಿಲ್ಲ. ಅದರ ಬದಲಾವಣೆ ನಿಧಾನ, ನಿಜ. ಯಾರೊಬ್ಬರ ಕೈಯಲ್ಲೂ ಗುಂಡಿ ಇಲ್ಲದಿರುವುದಕ್ಕೆ ನಾವು ಕೊಡುವ ಬೆಲೆ ಆ ನಿಧಾನ. ಅದು ಕೊಡಬೇಕಾದ ಬೆಲೆಯೇ.

ಹಾಗಾದರೆ ಇಂದಿನ ಅಪಾಯ ಯಾವುದು? ನಿಯಮ ಮುಕ್ತವಾಗಿದ್ದರೂ ಪೆಟ್ಟಿಗೆಗಳು ಕೆಲವರ ಮನೆಯಲ್ಲಿ ಗುಡ್ಡೆಯಾಗಿವೆ. 2004ರ ಏಪ್ರಿಲ್ 1ರಂದು ಒಂದು ಗಿಗಾಬೈಟ್ ಜಾಗವನ್ನು ಉಚಿತವಾಗಿ ಕೊಟ್ಟು ಬಂದ ಜಿಮೇಲ್, ಅದರ ಜೊತೆ ಮೈಕ್ರೋಸಾಫ್ಟ್, ಯಾಹೂ, ಆ್ಯಪಲ್ ಇವು ಸೇರಿದರೆ ಸಾಮಾನ್ಯರ ವಿಳಾಸಗಳ ಬಹುಪಾಲು ಮುಗಿಯಿತು. ಬರೆದಿಟ್ಟ ನಿಯಮಕ್ಕಿಂತ ಇವರ ಬರೆಯದ ನಿಯಮಗಳೇ ಈಗ ಹೆಚ್ಚು ನಡೆಯುತ್ತವೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ದಾಖಲೆಯಲ್ಲಿ ಒಂದೇ ಒಂದು ಪದ ಬದಲಿಸಿ, ಪರೀಕ್ಷೆಯಲ್ಲಿ ಸೋತ ಪತ್ರಗಳನ್ನು ನಿರಾಕರಿಸಿ ಎಂದು ಸಾರಿತು. ಯಾಹೂ ವಿಳಾಸವಿದ್ದವರು ಬರೆದದ್ದನ್ನು ಸದಸ್ಯರಿಗೆಲ್ಲ ಹಂಚುತ್ತಿದ್ದ ಗುಂಪುಗಳ ಪತ್ರವ್ಯವಹಾರ ಜಗತ್ತಿನ ಎಲ್ಲೆಡೆ ಕೆಟ್ಟಿತು. ಡಿಮಾರ್ಕ್ ಆಗ ಇನ್ನೂ ಆರ್‌ಎಫ್‌ಸಿ ಕೂಡ ಆಗಿರಲಿಲ್ಲ. ದುರುದ್ದೇಶ ಅಲ್ಲಿರಲಿಲ್ಲ, ವಂಚಕರನ್ನು ತಡೆಯುವ ಕಳಕಳಿಯೇ ಇತ್ತು. ಆದರೂ ಒಬ್ಬರ ತೀರ್ಮಾನದ ಭಾರ ಎಲ್ಲರ ಮೇಲೆ ಬಿತ್ತು.

ಇನ್ನೊಂದು ಬಗೆಯ ಭಾರ ದಿನವೂ ಬೀಳುತ್ತಿದೆ. ಒಂದು ಸಣ್ಣ ಪ್ರಕಾಶನ, ಒಂದು ಹಳ್ಳಿಯ ಶಾಲೆ ಅಥವಾ ಒಂದು ಸಹಕಾರ ಸಂಘ ತನ್ನದೇ ಸರ್ವರ್ ಇಟ್ಟುಕೊಂಡು ಪತ್ರ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಸರಿಯಾಗಿವೆ. ಆದರೂ ಹಲವು ಕ್ಲೌಡ್ ಕಂಪನಿಗಳು 25ನೇ ಪೋರ್ಟನ್ನು ಮೊದಲೇ ಮುಚ್ಚಿರುತ್ತವೆ. ಮನೆಯ ಸಂಪರ್ಕಗಳಲ್ಲೂ ಅದು ತೆರೆದಿರುವುದು ಅಪರೂಪ. ಅದನ್ನೂ ದಾಟಿದರೆ ‘ಈ ಯಂತ್ರದ ಹೆಸರು ನಾವು ಕೇಳಿಲ್ಲ’ ಎಂಬ ಅನುಮಾನ ಕಾದಿರುತ್ತದೆ. ದೊಡ್ಡ ಸಂಸ್ಥೆಯ ಯಂತ್ರ 250 ಎನ್ನುತ್ತದೆ, ಪತ್ರ ಪಡೆಯುತ್ತದೆ, ಆಮೇಲೆ ಅದನ್ನು ಓದುಗರು ಇಣುಕದ ಸ್ಪ್ಯಾಮ್ ಮೂಲೆಗೆ ಹಾಕುತ್ತದೆ. ಕಳಿಸಿದವರಿಗೆ ತಲುಪಿತೆಂಬ ಭಾವನೆ, ಪಡೆಯಬೇಕಾದವರಿಗೆ ಬರಲೇ ಇಲ್ಲವೆಂಬ ಭಾವನೆ. ತಪ್ಪೇನೆಂದು ಹೇಳುವವರಿಲ್ಲ, ಕೇಳಲು ಬಾಗಿಲಿಲ್ಲ. ಎಸ್‌ಎಂಟಿಪಿಯ 2008ರ ಪರಿಷ್ಕೃತ ರೂಪವೇ ಹೀಗೆ ಸದ್ದಿಲ್ಲದೆ ಪತ್ರ ಎಸೆಯುವುದರ ಬಗ್ಗೆ ಎಚ್ಚರಿಸಿದೆ: ಪತ್ರ ಒಂದೋ ತಲುಪುತ್ತದೆ, ಇಲ್ಲವೇ ಹಿಂದಿರುಗುತ್ತದೆ ಎಂಬ ಬಹುಕಾಲದ ನಂಬಿಕೆಗೆ ಅದು ಪೆಟ್ಟು ಕೊಡುತ್ತದೆ ಎಂದು. ಮೂಲೆಗೆ ಹಾಕುವುದು ಎಸೆದಂತೆ ಅಲ್ಲ ಎಂದು ಕಂಪನಿಗಳು ಹೇಳಬಹುದು. ಫಲ ಮಾತ್ರ ಒಂದೇ.

ನನ್ನ ಮೊದಲ ಒತ್ತಾಯ ಇಲ್ಲಿಯೇ. ಕೋಟ್ಯಂತರ ಜನರ ಪೆಟ್ಟಿಗೆ ಕಾಯುವ ಸಂಸ್ಥೆಗಳು ಅನುಮಾನದ ಪತ್ರವನ್ನು ಬಾಗಿಲಲ್ಲೇ, 5ರ ಸಂಖ್ಯೆಯೊಡನೆ, ಅರ್ಥವಾಗುವ ಕಾರಣ ಬರೆದು ನಿರಾಕರಿಸಲಿ. ನಿರಾಕರಣೆ ಅವಮಾನವಲ್ಲ, ಅದರಿಂದ ಸಣ್ಣವರು ತಿದ್ದಿಕೊಳ್ಳಬಹುದು. ಕಾರಣ ಹೇಳಿದರೆ ವಂಚಕರು ಅದರಿಂದಲೇ ಕಲಿಯುತ್ತಾರೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಆದರೆ ವಂಚಕರಿಗೆ ಸಾವಿರ ಪ್ರಯೋಗ ಮಾಡಿ ಕಲಿಯುವ ಬಲ ಹೇಗೂ ಇದೆ. ಕತ್ತಲಲ್ಲಿ ಉಳಿಯುವವರು ಪ್ರಾಮಾಣಿಕರೇ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ರಾಶಿರಾಶಿ ಪತ್ರ ಕಳಿಸುವವರಿಗೆ ಸಹಿ ಕಡ್ಡಾಯ, ಒಂದೇ ಒತ್ತಿಗೆ ಚಂದಾ ಬಿಡಿಸಿಕೊಳ್ಳುವ ವ್ಯವಸ್ಥೆ ಕಡ್ಡಾಯ, ದೂರಿನ ಪ್ರಮಾಣ ಶೇ 0.3 ಮುಟ್ಟಬಾರದು ಎಂದು ಬಹಿರಂಗವಾಗಿ ನಿಯಮ ಹಾಕಿದವು. ಇದು ಸರಿಯಾದ ದಿಕ್ಕು, ಏಕೆಂದರೆ ಬರೆದಿಟ್ಟ ನಿಯಮವನ್ನು ಪಾಲಿಸಬಹುದು, ಪ್ರಶ್ನಿಸಲೂಬಹುದು. ದಿನಕ್ಕೆ ಹತ್ತು ಪತ್ರ ಕಳಿಸುವ ಸಣ್ಣ ಸರ್ವರ್‌ಗೂ ಅಷ್ಟೇ ಸ್ಪಷ್ಟವಾದ ಮಾತು ಸಿಗಬೇಕು.

ಎರಡನೆಯ ಒತ್ತಾಯ ನಮ್ಮದೇ ಸಂಸ್ಥೆಗಳಿಗೆ. ನಮ್ಮ ಎಷ್ಟೋ ಶಾಲೆ, ಸಂಘ, ಪತ್ರಿಕೆ, ಸರ್ಕಾರಿ ಕಚೇರಿಗಳ ಫಲಕದ ಮೇಲೆ ಇಂದಿಗೂ ಜಿಮೇಲ್ ವಿಳಾಸವೇ ಇದೆ. ಅಧಿಕಾರಿ ವರ್ಗವಾದರೆ, ಕಾರ್ಯದರ್ಶಿ ಬದಲಾದರೆ ಪಾಸ್‌ವರ್ಡ್ ಅವರ ಜೊತೆ ಹೋಗುತ್ತದೆ. ಹತ್ತಾರು ವರ್ಷದ ಪತ್ರವ್ಯವಹಾರವೂ ಹೋಗುತ್ತದೆ. ಸಂಸ್ಥೆಗೆ ತನ್ನದೇ ಡೊಮೇನ್ ಇದ್ದರೆ ಪೆಟ್ಟಿಗೆಯನ್ನು ಯಾವ ಕಂಪನಿ ನಡೆಸಿದರೂ ವಿಳಾಸ ಸಂಸ್ಥೆಯದೇ. 2011ರಲ್ಲಿ ದೇಶದಾದ್ಯಂತ ಮೊಬೈಲ್ ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳುವ ಹಕ್ಕು ಬಂದಾಗ ಗ್ರಾಹಕರಿಗೆ ಎಂಥ ಬಲ ಬಂತೆಂದು ನಾವೆಲ್ಲ ಕಂಡಿದ್ದೇವೆ. ಇಮೇಲ್‌ನಲ್ಲಿ ಆ ಹಕ್ಕು ಮೊದಲಿನಿಂದಲೂ ಇದೆ, ನಾವು ಬಳಸಿಕೊಂಡಿಲ್ಲ. ಡೊಮೇನ್‌ಗೆ ವರ್ಷಕ್ಕೆ ತಗಲುವ ಖರ್ಚು ಸಂಘದ ಒಂದು ಸಭೆಯ ಕಾಫಿ ತಿಂಡಿಯ ಖರ್ಚಿಗಿಂತ ಹೆಚ್ಚಾಗದು.

ಮೂರನೆಯದು ಭಾಷೆ. ಕನ್ನಡ ಯೂನಿಕೋಡ್ ಸೇರಿದ್ದು 1991ರಲ್ಲಿ. ಆದರೂ ಬಹಳ ವರ್ಷ ನಾವು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದೆವು. ಆ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಿದ ಉಪಕಾರ ದೊಡ್ಡದು. ಆದರೆ ಅದೇ ಫಾಂಟ್ ಇಲ್ಲದವರಿಗೆ ಪತ್ರ ತಲುಪಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಈಗ ಯೂನಿಕೋಡ್ ಎಲ್ಲ ಫೋನಿನಲ್ಲೂ ಇದೆ. ಆದರೂ ಆದೇಶ, ಸುತ್ತೋಲೆಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿ ಲಗತ್ತಿನಲ್ಲಿ ಓಡಾಡುತ್ತಿವೆ. ಅವನ್ನು ಹುಡುಕಲಾಗದು, ದೃಷ್ಟಿ ಇಲ್ಲದವರು ಫೋನಿನಿಂದ ಓದಿಸಿಕೊಳ್ಳಲಾಗದು. ಪತ್ರದ ಒಡಲಿನಲ್ಲೇ ಕನ್ನಡವನ್ನು ಪಠ್ಯವಾಗಿ ಬರೆಯಿರಿ. ಇದಕ್ಕೆ ಬೇಕಾದ ತಂತ್ರಜ್ಞಾನವೆಲ್ಲ ನಮ್ಮ ಕೈಯಲ್ಲೇ ಇದೆ, ಬೇಕಿರುವುದು ರೂಢಿ ಮಾತ್ರ.

ವಿಳಾಸದ ಕಥೆ ಇನ್ನೂ ಮುಗಿದಿಲ್ಲ. 2012ರ ಆರ್‌ಎಫ್‌ಸಿ 6531, ವಿಳಾಸವನ್ನೇ ಕನ್ನಡದಲ್ಲಿ ಬರೆಯಲು ದಾರಿ ಮಾಡಿತು. ಡೊಮೇನ್‌ಗೆ ‘.ಭಾರತ’ ಎಂಬ ಕನ್ನಡ ಲಿಪಿಯ ತುದಿಯೂ ಇದೆ. ಇಲ್ಲೂ ‘ಇಹೆಲೋ’ ಪಟ್ಟಿಯ ಮೂಲಕವೇ ಹೊಸ ಸಾಮರ್ಥ್ಯವನ್ನು ಸಾರಬೇಕು. ಆದರೆ ದಾರಿಯ ಒಂದು ಯಂತ್ರಕ್ಕೆ ಅದು ಬಾರದಿದ್ದರೂ ಪತ್ರ ಹಿಂದಿರುಗುತ್ತದೆ. 2014ರಿಂದ ಜಿಮೇಲ್ ಇಂಥ ವಿಳಾಸಗಳೊಡನೆ ಪತ್ರವ್ಯವಹಾರ ಮಾಡುತ್ತಿದೆ. ಕನ್ನಡ ಲಿಪಿಯ ವಿಳಾಸವನ್ನು ಮಾತ್ರ ತಾನು ಕೊಡುವುದಿಲ್ಲ. ಹಲವು ಅರ್ಜಿ ನಮೂನೆಗಳು ಕನ್ನಡ ವಿಳಾಸ ಬರೆದರೆ ತಪ್ಪೆಂದು ಕೆಂಪು ಗೆರೆ ಎಳೆಯುತ್ತವೆ. ಕನ್ನಡವನ್ನಷ್ಟೇ ಓದಬಲ್ಲ ರೈತರೊಬ್ಬರು ವಿಮೆಗೆ, ಅವರ ಮಗಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ತಮಗೆ ಓದಲಾಗದ ಲಿಪಿಯಲ್ಲಿ ತಮ್ಮ ವಿಳಾಸವನ್ನೇ ಬೇರೆಯವರಿಂದ ಬರೆಸಬೇಕು ಎಂದರೆ, ಆ ವಿಳಾಸ ನಿಜಕ್ಕೂ ಅವರದಾಗುವುದು ಹೇಗೆ? ಕರ್ನಾಟಕ ಸರ್ಕಾರ ತನ್ನ ಜಾಲತಾಣಗಳ ನಮೂನೆಗಳಲ್ಲಿ ಕನ್ನಡ ವಿಳಾಸ ಒಪ್ಪುವುದನ್ನು ಕಡ್ಡಾಯ ಮಾಡಿದರೆ, ಅವನ್ನು ಕಟ್ಟಿಕೊಡುವ ಕಂಪನಿಗಳು ತಾವಾಗಿ ದಾರಿಗೆ ಬರುತ್ತವೆ. ಬಳಸುವವರಿಲ್ಲವೆಂದು ಯಂತ್ರ ತಿದ್ದದೆ, ಯಂತ್ರ ಒಪ್ಪದೆಂದು ಜನ ಬಳಸದೆ ನಿಂತಿರುವ ಈ ಗಂಟನ್ನು ಬಿಡಿಸಲು ಯಾರಾದರೊಬ್ಬರು ಮೊದಲು ಕೈಹಾಕಬೇಕು.

ನಾಲ್ಕನೆಯದು ಕಲಿಕೆ. ನಿಯಮವನ್ನು ಬಲ್ಲವರು ಕಡಿಮೆಯಾದರೆ ಅದು ಕಾಗದದ ಮೇಲೆ ಮುಕ್ತವಾಗಿದ್ದೂ ವ್ಯವಹಾರದಲ್ಲಿ ಖಾಸಗಿಯಾಗುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್‌ಎಂಟಿಪಿಯನ್ನು ಪರೀಕ್ಷೆಗಾಗಿ ಓದಿಸುತ್ತಾರೆ. ವಿದ್ಯಾರ್ಥಿಗಳು ಪೋಸ್ಟ್‌ಫಿಕ್ಸ್ ಹಾಕಿ, ಒಂದು ವಿಭಾಗದ ಪತ್ರವ್ಯವಹಾರವನ್ನು ಒಂದು ವರ್ಷ ನಡೆಸಿ ನೋಡಲಿ. 4ರ ಉತ್ತರ ಬಂದಾಗ ಸರದಿಯಲ್ಲಿ ಪತ್ರ ಹೇಗೆ ಕಾಯುತ್ತದೆ, ಸಹಿ ತಪ್ಪಾದರೆ ಏನಾಗುತ್ತದೆ ಎಂಬುದನ್ನು ಕೈಯಾರೆ ಕಂಡವರು ನಾಳೆ ಜಗತ್ತಿನ ಯಾವ ಮೂಲೆಯಲ್ಲಿ ಕೆಲಸ ಮಾಡಿದರೂ ಈ ವ್ಯವಸ್ಥೆಯ ಕಾವಲಿಗೆ ಒದಗುತ್ತಾರೆ. ನಿಯಮ ತಿದ್ದುವ ಐಇಟಿಎಫ್ ವೇದಿಕೆಗೆ ಸದಸ್ಯತ್ವ ಶುಲ್ಕವಿಲ್ಲ. ಅದರ ಆರ್‌ಎಫ್‌ಸಿಗಳನ್ನು ಯಾರಾದರೂ ಹಣವಿಲ್ಲದೆ ಓದಬಹುದು. 2020ರಲ್ಲಿ ಅಲ್ಲೊಂದು ಕಾರ್ಯತಂಡ ಎಸ್‌ಎಂಟಿಪಿಯ ಪಠ್ಯವನ್ನು ಮತ್ತೆ ತಿದ್ದುವ ಕೆಲಸ ಕೈಗೆತ್ತಿಕೊಂಡಿತು. ಅಂಥ ಚರ್ಚೆಗಳಲ್ಲಿ ನಮ್ಮ ಭಾಷೆಯ ಅಗತ್ಯ ಹೇಳುವವರು ನಮ್ಮೂರಿನಿಂದಲೇ ಹೋಗಬೇಕು.

ಹಳೆಯ ನಿಯಮದ ಮೇಲೆ ಹೊಸದನ್ನು ಕಟ್ಟಲಾಗದು ಎಂಬ ಅನುಮಾನ ಇದ್ದವರು ಡೆಲ್ಟಾ ಚಾಟ್ ನೋಡಬಹುದು. ಕಣ್ಣಿಗೆ ಅದು ವಾಟ್ಸ್‌ಆ್ಯಪ್‌ನಂತೆ ಕಾಣುವ ಹರಟೆಯ ಆ್ಯಪ್. ಒಳಗೆ ಸಂದೇಶಗಳು ಇಮೇಲ್ ಸರ್ವರ್‌ಗಳ ಮೂಲಕವೇ, ಕೊನೆಯಿಂದ ಕೊನೆಯವರೆಗೆ ಗೂಢಲಿಪಿಯಲ್ಲಿ ಸಾಗುತ್ತವೆ. ಮಾರ್ಲಿನ್‌ಸ್ಪೈಕ್ ಅಸಾಧ್ಯವೆಂದು ಬಗೆದದ್ದನ್ನು ಅದು ಪೂರ್ತಿ ಸಾಧಿಸಿದೆ ಎನ್ನಲಾರೆ. ಬಳಸುವವರು ವಾಟ್ಸ್‌ಆ್ಯಪ್ ಮುಂದೆ ಬಹಳ ಕಡಿಮೆ. ಆದರೆ ಅದನ್ನು ಕಟ್ಟಲು ಯಾರ ಅನುಮತಿಯೂ ಬೇಕಾಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ತಿರುಳಾದ ಕರ್ನಲ್‌ಗೆ ಬರುವ ತಿದ್ದುಪಡಿಗಳು ಇಂದಿಗೂ ಇಮೇಲ್‌ನಲ್ಲೇ ಬರುತ್ತವೆ, ಅಲ್ಲೇ ಚರ್ಚೆಯಾಗುತ್ತವೆ. ಯಾವ ಕಂಪನಿಯ ಖಾತೆ ಇದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇಮೇಲ್ ಪರಿಪೂರ್ಣವೆಂದು ನಾನು ವಾದಿಸುತ್ತಿಲ್ಲ. ವಾಟ್ಸ್‌ಆ್ಯಪ್ ಬಿಡಿ ಎಂದೂ ಹೇಳುತ್ತಿಲ್ಲ. ಹರಟೆಗೆ ಅದು ಇರಲಿ. ಆದರೆ ನೇಮಕಾತಿ ಪತ್ರ, ಸರ್ಕಾರಕ್ಕೆ ಬರೆದ ಅಹವಾಲು, ಲೇಖಕರು ಪ್ರಕಾಶಕರಿಗೆ ಕಳಿಸಿದ ಹಸ್ತಪ್ರತಿ, ಒಂದು ಸಂಘದ ಮೂವತ್ತು ವರ್ಷದ ನಡಾವಳಿ, ಇಂಥವು ಒಂದು ಕಂಪನಿಯ ಮರ್ಜಿಯ ಮೇಲೆ ನಿಲ್ಲಬಾರದು. ಅವುಗಳಿಗೆ ಒಡೆಯನಿಲ್ಲದ ದಾರಿ ಬೇಕು; ಆ ದಾರಿ ನಮ್ಮ ಕೈಯಲ್ಲಿ ಈಗಾಗಲೇ ಇದೆ. ಪೋಸ್ಟೆಲ್ 1998ರಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ನಿಯಮವನ್ನು ನಂತರದವರು ಒಂದೊಂದು ಕಟ್ಟು ಸೇರಿಸುತ್ತ, ಹಳಬರನ್ನು ಹೊರಗೆ ಹಾಕದೆ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಿಕೊಂಡು ಬಂದಿದ್ದಾರೆ. ಮುಂದಿನ ಪಾಲು ನಮ್ಮದು. ಸ್ವಂತ ಡೊಮೇನ್ ಇಟ್ಟುಕೊಳ್ಳುವ ಸಂಸ್ಥೆ, ಕನ್ನಡ ವಿಳಾಸವನ್ನು ಒಪ್ಪುವ ನಮೂನೆ, ಸರ್ವರ್ ನಡೆಸಬಲ್ಲ ವಿದ್ಯಾರ್ಥಿ, ಬೇಡವಾದರೆ ಕಾರಣ ಹೇಳಿ ನಿರಾಕರಿಸುವ ಕಂಪನಿ: ಇವುಗಳಲ್ಲಿ ಮೂರನ್ನು ನಾವು ಕರ್ನಾಟಕದಲ್ಲೇ, ಯಾರನ್ನೂ ಕೇಳದೆ, ಈ ವರ್ಷವೇ ಶುರುಮಾಡಬಹುದು. ನಾಲ್ಕನೆಯದನ್ನು ಗಟ್ಟಿಯಾಗಿ ಕೇಳುವ ಹಕ್ಕು ಆ ಮೂರನ್ನು ಮಾಡಿದವರಿಗೆ ಬರುತ್ತದೆ.